ಕಾರ್ಡೋ, ಸಹಿ ಚೆಂಡೋ, ಹಳೇ ಟಿಕೆಟ್ಟೋ? ಬೇಸ್‌ಬಾಲ್ ಸಂಗ್ರಹಕ್ಕೆ ಇಳಿಯುವ ಮೊದಲು

ನನ್ನ ಮೇಜಿನ ಮೇಲೆ ಬೇಬ್ ರೂತ್ ಸಹಿ ಇರುವ ಒಂದು ಚೆಂಡಿದೆ. ಅದು ನಕಲಿ.

ನ್ಯೂಜೆರ್ಸಿಯ ಒಂದು ಸಂತೆಯಲ್ಲಿ, ಭಾನುವಾರ ಬೆಳಿಗ್ಗೆ, 350 ಡಾಲರ್ ಎಣಿಸಿ ಕೊಟ್ಟು ತಂದಿದ್ದು. ಮಾರಿದವನು "ತಾತನ ಮನೆಯ ಅಟ್ಟದಲ್ಲಿತ್ತು" ಅಂದ. ಚರ್ಮ ಹದವಾಗಿ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಆ ಬಣ್ಣ ನಿಜವಾಗಿಯೂ ಡಿಕಾಕ್ಷನ್ನಿಂದಲೇ ಬಂದಿರಬಹುದು ಅಂತ ಆಮೇಲೆ ತಿಳಿಯಿತು. ರೂತ್ ಯಾರು ಅನ್ನುವವರಿಗೆ ಒಂದು ಮಾತು: ಕ್ರಿಕೆಟ್ಟಿಗೆ ಬ್ರಾಡ್ಮನ್ ಹೇಗೋ ಬೇಸ್‌ಬಾಲಿಗೆ ಈತ ಹಾಗೆ. 1932ರಲ್ಲಿ ಬ್ರಾಡ್ಮನ್ ಅಮೆರಿಕಕ್ಕೆ ಬಂದಾಗ ಇಬ್ಬರೂ ಯಾಂಕೀ ಸ್ಟೇಡಿಯಂನಲ್ಲಿ ಅಕ್ಕಪಕ್ಕ ಕೂತು ಆಟ ನೋಡಿದ್ದರು. ಅಂಥವನ ಸಹಿ 350 ಡಾಲರಿಗೆ ಸಿಗುತ್ತದೆ ಅಂತ ನಂಬಿದೆನಲ್ಲ, ಅದು ನನ್ನ ಬುದ್ಧಿ.

ಎರಡು ವಾರ ಬಿಟ್ಟು ಅದನ್ನು ಒಂದು ಕಾರ್ಡ್ ಶೋಗೆ, ಅಂದರೆ ಇಂಥ ಸಂಗ್ರಹದ ವಸ್ತುಗಳನ್ನು ಮಾರುವ ಮೇಳಕ್ಕೆ, ಹೊತ್ತುಕೊಂಡು ಹೋದೆ. ಮೂಲೆಯ ಟೇಬಲ್ಲಿನಲ್ಲಿ ಕೂತಿದ್ದ ಹಿರಿಯ ವ್ಯಾಪಾರಿ ಚೆಂಡನ್ನು ಕೈಗೆ ತಗೊಂಡರು. ಸಹಿಯನ್ನು ನೋಡಲೇ ಇಲ್ಲ. ಚೆಂಡನ್ನು ಅರ್ಧ ಸುತ್ತು ತಿರುಗಿಸಿ, ಹೊಲಿಗೆಯ ಪಕ್ಕದಲ್ಲಿ ಮಾಸಿದ್ದ ಅಚ್ಚಿನ ಮೇಲೆ ಉಗುರು ಇಟ್ಟರು. "ಜೋ ಕ್ರೋನಿನ್, ಪ್ರೆಸಿಡೆಂಟ್" ಅಂತಿತ್ತು. ಅಮೆರಿಕದ ಮೇಲ್ಮಟ್ಟದ ಬೇಸ್‌ಬಾಲ್, ಅಂದರೆ ಮೇಜರ್ ಲೀಗ್, ಅಮೆರಿಕನ್ ಲೀಗ್ ಮತ್ತು ನ್ಯಾಷನಲ್ ಲೀಗ್ ಅಂತ ಎರಡು ಭಾಗ. ಆ ಕಾಲದಲ್ಲಿ ಲೀಗಿನ ಅಧಿಕೃತ ಚೆಂಡಿನ ಮೇಲೆ ಲೀಗ್ ಅಧ್ಯಕ್ಷರ ಹೆಸರು ಅಚ್ಚಾಗಿರುತ್ತಿತ್ತು. ಕ್ರೋನಿನ್ ಅಮೆರಿಕನ್ ಲೀಗಿನ ಅಧ್ಯಕ್ಷರಾಗಿದ್ದು 1959ರಲ್ಲಿ. ರೂತ್ ತೀರಿಕೊಂಡಿದ್ದು 1948ರ ಆಗಸ್ಟ್ 16ಕ್ಕೆ. ಅಂದರೆ ಪುಣ್ಯಾತ್ಮ ಸತ್ತು ಹತ್ತು ವರ್ಷ ಕಳೆದ ಮೇಲೆ ಎದ್ದು ಬಂದು ಸಹಿ ಹಾಕಿದ್ದ. ಇಷ್ಟು ಪತ್ತೆಗೆ ಅವರಿಗೆ ಬೇಕಾಗಿದ್ದು ಮೂರು ಸೆಕೆಂಡು.

ಈಗ ನಮ್ಮ ಕನ್ನಡ ಕೂಟದಲ್ಲಿ ಯಾರಾದರೂ "ಮಗನಿಗೆ ಬೇಸ್‌ಬಾಲ್ ಹುಚ್ಚು ಹಿಡಿದಿದೆ, ಹುಟ್ಟುಹಬ್ಬಕ್ಕೆ ಹಳೇದೇನಾದರೂ ಕೊಡಿಸಬೇಕು, ಏನು ಕೊಳ್ಳಲಿ?" ಅಂತ ಕೇಳಿದರೆ ನಾನು ಬೆಲೆಯಿಂದ ಶುರು ಮಾಡಲ್ಲ. ಒಂದೇ ಪ್ರಶ್ನೆ ಕೇಳುತ್ತೇನೆ: ಈ ವಸ್ತು ಅಸಲಿ ಅನ್ನೋದಕ್ಕೆ ಸಾಕ್ಷಿ ವಸ್ತುವಿನ ಒಳಗೇ ಇದೆಯಾ, ಇಲ್ಲಾ ಯಾರದೋ ಬಾಯಲ್ಲಿದೆಯಾ? ಕಾರ್ಡು, ಟಿಕೆಟ್ಟು, ಸ್ಕೋರ್‌ಕಾರ್ಡು ಮೊದಲ ಜಾತಿ. ಸಹಿ, ಆಡಿದ ಬ್ಯಾಟು, ತೊಟ್ಟ ಜೆರ್ಸಿ ಎರಡನೆಯ ಜಾತಿ. ಹೊಸಬರು ಮೊದಲ ಜಾತಿಯಿಂದ ಶುರು ಮಾಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಕಾರ್ಡು

ಕಾರ್ಡು ಅಂದರೆ ಆಟಗಾರನ ಚಿತ್ರ ಅಚ್ಚಾದ ಪುಟ್ಟ ರಟ್ಟಿನ ಚೀಟಿ. ಪೇಪರಿನಲ್ಲಿ ಸುದ್ದಿಯಾಗೋದೆಲ್ಲ ಇದೇ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೋ ಕಂಪನಿ ಸಿಗರೇಟ್ ಪ್ಯಾಕಿನೊಳಗೆ ಇಟ್ಟು ಹಂಚಿದ ಕಾರ್ಡುಗಳಿಗೆ ಸಂಗ್ರಹಕಾರರು ಟಿ206 ಅನ್ನುತ್ತಾರೆ. ಅದರಲ್ಲಿ ಹೋನಸ್ ವ್ಯಾಗ್ನರ್ ಕಾರ್ಡು ಬೇಗ ನಿಂತುಹೋಯಿತು. ಮಕ್ಕಳು ತನ್ನ ಚಿತ್ರಕ್ಕಾಗಿ ತಂಬಾಕು ಕೊಳ್ಳೋದು ಅವನಿಗೆ ಇಷ್ಟವಿರಲಿಲ್ಲ ಅಂತ ಕೆಲವರು, ದುಡ್ಡು ಕೊಡಲಿಲ್ಲ ಅಂತ ಇನ್ನು ಕೆಲವರು. ಕಾರಣ ಏನೇ ಇರಲಿ, 2022ರ ಆಗಸ್ಟಿನಲ್ಲಿ ಒಂದು ವ್ಯಾಗ್ನರ್ 72.5 ಲಕ್ಷ ಡಾಲರಿಗೆ ಕೈ ಬದಲಾಯಿತು. ಅದೇ ತಿಂಗಳು 1952ರ ಟಾಪ್ಸ್ ಕಂಪನಿಯ ಮಿಕ್ಕಿ ಮ್ಯಾಂಟಲ್ ಕಾರ್ಡು 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು.

ಆ ಮ್ಯಾಂಟಲ್ ಕಾರ್ಡಿನ ಕಥೆ ಚೆನ್ನಾಗಿದೆ. 1952ರಲ್ಲಿ ಆ ಕಾರ್ಡಿದ್ದ ಕೊನೆಯ ಕಂತು ಅಂಗಡಿಗೆ ಬರುವಷ್ಟರಲ್ಲಿ ಸೀಸನ್ ಮುಗಿಯುತ್ತಾ ಬಂದಿತ್ತು. ಹುಡುಗರು ಕೊಳ್ಳಲಿಲ್ಲ. ಡಬ್ಬಗಳು ವರ್ಷಗಟ್ಟಲೆ ಗೋದಾಮಿನಲ್ಲಿ ಜಾಗ ತಿಂದವು. ಕೊನೆಗೆ 1960ರಲ್ಲಿ ಟಾಪ್ಸಿನ ಸೈ ಬರ್ಗರ್ ಅವನ್ನೆಲ್ಲ ದೋಣಿಗೆ ತುಂಬಿಸಿ ನ್ಯೂಜೆರ್ಸಿ ತೀರದಾಚೆ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರು. ನಾನು ಬೀಚಿಗೆ ಹೋದಾಗಲೆಲ್ಲ ಆ ಕಡೆ ಒಂದು ಸಲ ನೋಡುತ್ತೇನೆ. ಸುಮ್ನೆ.

ಈ ಕೋಟಿಗಳನ್ನು ನೋಡಿ ಹೆದರಬೇಕಿಲ್ಲ. ಮೂಲೆ ಸವೆದ, ನಡುವೆ ಮಡಿಕೆ ಬಿದ್ದ, ಹೆಸರು ಕೇಳಿರದ ಆಟಗಾರನ ಟಿ206 ನೂರು ಡಾಲರಿನ ಒಳಗೆ ಸಿಗುತ್ತದೆ. ನೂರು ವರ್ಷ ದಾಟಿದ ವಸ್ತು! ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ, ಅಷ್ಟೇ. ತಿರುಗಿಸಿದರೆ ಹಿಂದೆ ಪೀಡ್ಮಾಂಟ್ ಸಿಗರೇಟಿನ ಜಾಹೀರಾತು. 1950ರ ದಶಕದ ಸಾಧಾರಣ ಆಟಗಾರರ ಸವೆದ ಟಾಪ್ಸ್ ಕಾರ್ಡುಗಳಂತೂ ಕೆಲವೇ ಡಾಲರು. ಹತ್ತು ವರ್ಷದ ಮಗುವಿಗೆ ಕೊಡಿಸಲು ಇದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ. ಬೀಳಿಸಿದರೂ ಎದೆ ಒಡೆಯಲ್ಲ.

ಒಂದನ್ನು ಮಾತ್ರ ಕೊಳ್ಳಬೇಡಿ: 1980ರ ದಶಕದ ಕೊನೆಯಿಂದ 1990ರ ದಶಕದ ಮೊದಲ ವರ್ಷಗಳವರೆಗಿನ ಕಾರ್ಡುಗಳ ಡಬ್ಬ. ಆಗ ಕಂಪನಿಗಳು ಕಂಡಾಪಟ್ಟೆ ಅಚ್ಚು ಹಾಕಿದವು. ಎಲ್ಲರೂ "ಮುಂದೆ ಬೆಲೆ ಬರುತ್ತೆ" ಅಂತ ಜೋಪಾನ ಮಾಡಿದರು. ಎಲ್ಲರೂ ಜೋಪಾನ ಮಾಡಿದ್ದಕ್ಕೇ ಬೆಲೆ ಬರಲಿಲ್ಲ. ಪಕ್ಕದ ಮನೆಯವರು ಗ್ಯಾರೇಜ್ ಖಾಲಿ ಮಾಡುವಾಗ ಪುಕ್ಕಟೆ ಕೊಟ್ಟರೆ ತಗೊಳ್ಳಿ.

ಅಸಲಿ, ನಕಲಿ ತಿಳಿಯೋದು ಹೇಗೆ? ಇಲ್ಲೇ ಕಾರ್ಡಿನ ಗುಣ ಕಾಣೋದು. ಸಾಕ್ಷಿ ಕಾಗದದಲ್ಲೇ ಇರುತ್ತದೆ. ಮೊದಲು ಒಂದು ಭೂತಗನ್ನಡಿ ಹಿಡಿಯಿರಿ. ಹಳೇ ಅಚ್ಚಿನಲ್ಲಿ ಹೆಸರಿನ ಅಕ್ಷರಗಳು, ಚೌಕಟ್ಟಿನ ಗೆರೆಗಳು ಗಟ್ಟಿ ಶಾಯಿಯಲ್ಲಿ ಒಂದೇ ಸಮ ಇರುತ್ತವೆ. ಆಮೇಲೆ ಸ್ಕ್ಯಾನ್ ಮಾಡಿ ತೆಗೆದ ನಕಲಿನಲ್ಲಿ ಅದೇ ಅಕ್ಷರ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದಿರುತ್ತದೆ. ಎರಡನೇದು ಬ್ಲ್ಯಾಕ್‌ಲೈಟ್ ಟಾರ್ಚು, ಹತ್ತು ಹದಿನೈದು ಡಾಲರಿನದು ಸಾಕು. ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಕಾಗದ ಬೆಳ್ಳಗೆ ಕಾಣಲಿ ಅಂತ ಒಂದು ರಾಸಾಯನಿಕ ಸೇರಿಸಲು ಶುರು ಮಾಡಿದರು, ಬಟ್ಟೆಗೆ ನೀಲಿ ಹಾಕಿದ ಹಾಗೆ. ಕತ್ತಲಲ್ಲಿ ಆ ಟಾರ್ಚು ಬಿಟ್ಟರೆ ಹೊಸ ಕಾಗದ ಹೊಳೆಯುತ್ತದೆ. 1910ರ ಕಾಗದ ಮಂಕಾಗಿ ಬಿದ್ದಿರುತ್ತದೆ. ಮೂರನೇದು ಸ್ಕೇಲು. ಅಂಚು ಕತ್ತರಿಸಿ ಮೂಲೆ ಚೂಪು ಮಾಡುವವರಿದ್ದಾರೆ.

ಕತ್ತರಿ ಅಂದಾಗ ಗ್ರೇಡಿಂಗ್ ವಿಷಯ ಬಂತು. ಪಿಎಸ್‌ಎ, ಎಸ್‌ಜಿಸಿ ಥರದ ಕಂಪನಿಗಳು ಕಾರ್ಡನ್ನು ಪರೀಕ್ಷಿಸಿ, ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕೊಡುತ್ತವೆ. ದುಬಾರಿ ಕಾರ್ಡಿಗೆ ಇದು ಬೇಕೇ ಬೇಕು. ಆದರೆ ಅದನ್ನೇ ವೇದವಾಕ್ಯ ಅಂದುಕೊಳ್ಳಬೇಡಿ. ಪಿಎಸ್‌ಎ 1991ರಲ್ಲಿ ಶುರುವಾದಾಗ ಮೊಟ್ಟಮೊದಲು ಗ್ರೇಡ್ ಮಾಡಿದ ಕಾರ್ಡು ಒಂದು ವ್ಯಾಗ್ನರ್. 8 ಅಂಕ ಬಂತು. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಒಂದು ಕಾಲಕ್ಕೆ ಅದರ ಪಾಲುದಾರ. ಗ್ರೇಡ್ ಆಗುವ ಮುಂಚೆ ಅದನ್ನು ಕೊಂಡು ಮಾರಿದ್ದ ವ್ಯಾಪಾರಿ ಬಿಲ್ ಮಾಸ್ಟ್ರೊ, ಅದರ ಅಂಚು ಕತ್ತರಿಸಿದ್ದು ನಾನೇ ಅಂತ 2013ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡ. ಜಗತ್ತಿನ ಅತಿ ಪ್ರಸಿದ್ಧ ಕಾರ್ಡಿನ ಗತಿಯೇ ಇದು.

ನನ್ನ ಲೆಕ್ಕ ಇಷ್ಟು: ನೂರು ಡಾಲರಿನ ಒಳಗಿನದಾದರೆ ಬಿಡಿ ಕಾರ್ಡೇ ಕೊಳ್ಳಿ, ಕೈಯಲ್ಲಿ ಹಿಡಿದು ನೋಡುವ ಸುಖ ಇದೆ. ಹತ್ತು ಡಾಲರಿನ ಕಾರ್ಡಿಗೆ ಗ್ರೇಡಿಂಗ್ ಮಾಡಿಸೋದು ಮೂಗಿಗಿಂತ ಮೂಗುತಿ ಭಾರ. ಮುನ್ನೂರು ದಾಟಿದರೆ ಗ್ರೇಡ್ ಆದದ್ದನ್ನೇ ತಗೊಳ್ಳಿ. ನಡುವಿನದಕ್ಕೆ ಮಾರುವವನ ಮುಖ ನೋಡಿ.

ಸಹಿ ಚೆಂಡು

ಇದರಷ್ಟು ಆಸೆ ಹುಟ್ಟಿಸುವ ವಸ್ತು ಇನ್ನೊಂದಿಲ್ಲ. ಇದರಷ್ಟು ಮೋಸವೂ ಇನ್ನೊಂದರಲ್ಲಿಲ್ಲ. 1990ರ ದಶಕದ ಕೊನೆಯಲ್ಲಿ ಎಫ್‌ಬಿಐ "ಆಪರೇಷನ್ ಬುಲ್‌ಪೆನ್" ಅಂತ ಒಂದು ತನಿಖೆ ನಡೆಸಿತು. ಕ್ಯಾಲಿಫೋರ್ನಿಯಾದ ಒಂದು ಜಾಲ ಸತ್ತವರ, ಬದುಕಿದವರ, ಎಲ್ಲರ ಸಹಿಯನ್ನೂ ಕಾರ್ಖಾನೆಯಂತೆ ತಯಾರಿಸುತ್ತಿತ್ತು. ಸಿಕ್ಕ ಮಾಲಿನಲ್ಲಿ ಮದರ್ ತೆರೇಸಾ ಸಹಿ ಹಾಕಿದ ಬೇಸ್‌ಬಾಲ್‌ಗಳೂ ಇದ್ದವು. ಅದನ್ನೂ ಕೊಳ್ಳುವವರಿದ್ದರು ಅಂತಾಯಿತಲ್ವಾ? ಈಗ ನನ್ನ 350 ಡಾಲರ್ ಸ್ವಲ್ಪ ಹಗುರ ಅನಿಸುತ್ತದೆ.

ಕೈಬರಹ ಓದೋದು ನಮ್ಮ ನಿಮ್ಮ ಕೈಲಿ ಆಗುವ ಕೆಲಸ ಅಲ್ಲ. ಆದರೆ ಆ ಹಿರಿಯರು ಮಾಡಿದ ಹಾಗೆ ಸಹಿಯನ್ನು ಬಿಟ್ಟು ಉಳಿದದ್ದನ್ನು ನೋಡಬಹುದು. ಚೆಂಡಿಗೂ ಪೆನ್ನಿಗೂ ಹುಟ್ಟಿದ ದಿನ ಇದೆ.

ಚೆಂಡಿನ ಮೇಲಿನ ಅಚ್ಚು ಮೊದಲು. ಅಮೆರಿಕನ್ ಲೀಗಿನಲ್ಲಿ ವಿಲ್ ಹ್ಯಾರಿಡ್ಜ್ ಹೆಸರಿದ್ದರೆ 1931ರಿಂದ 1959ರ ಆರಂಭದವರೆಗೆ. ಕ್ರೋನಿನ್ ಇದ್ದರೆ ಅಲ್ಲಿಂದ 1973ರವರೆಗೆ. ನ್ಯಾಷನಲ್ ಲೀಗಿನಲ್ಲಿ ಫೋರ್ಡ್ ಫ್ರಿಕ್ 1934ರಿಂದ 1951, ವಾರೆನ್ ಜೈಲ್ಸ್ ಅಲ್ಲಿಂದ 1969. ಕಂಪನಿಯೂ ಸುಳಿವು ಕೊಡುತ್ತದೆ. ರಾಲಿಂಗ್ಸ್ ಕಂಪನಿ ಎರಡೂ ಲೀಗಿಗೆ ಚೆಂಡು ಕೊಡಲು ಶುರು ಮಾಡಿದ್ದು 1977ರಲ್ಲಿ. ಮೇಜರ್ ಲೀಗಿನಲ್ಲಿ ವರ್ಣಭೇದದ ಗೋಡೆ ಮುರಿದ ಜಾಕಿ ರಾಬಿನ್‌ಸನ್ 1972ರಲ್ಲೇ ತೀರಿಹೋದರು. ಹಾಗಾಗಿ ರಾಲಿಂಗ್ಸ್ ಲೀಗ್ ಚೆಂಡಿನ ಮೇಲೆ ರಾಬಿನ್‌ಸನ್ ಸಹಿ ತೋರಿಸಿದರೆ ನಕ್ಕು ಮುಂದೆ ನಡೆಯಿರಿ. 1930ರ ದಶಕದ ಆರಂಭದವರೆಗೆ ಹೊಲಿಗೆಯ ದಾರಕ್ಕೂ ಎರಡು ಬಣ್ಣ ಇರುತ್ತಿತ್ತು. ಅಮೆರಿಕನ್ ಲೀಗಿಗೆ ಕೆಂಪು ನೀಲಿ, ನ್ಯಾಷನಲ್ ಲೀಗಿಗೆ ಕೆಂಪು ಕಪ್ಪು.

ಆಮೇಲೆ ಪೆನ್ನು. ಬಾಲ್‌ಪೆನ್ ಅಮೆರಿಕದ ಅಂಗಡಿಯಲ್ಲಿ ಮಾರಾಟಕ್ಕೆ ಬಂದಿದ್ದು 1945ರ ಅಕ್ಟೋಬರಿನಲ್ಲಿ. ಲೂ ಗೆಹ್ರಿಗ್ ತೀರಿಕೊಂಡಿದ್ದು 1941ರ ಜೂನ್‌ನಲ್ಲಿ. ಅವನದು ಏನಿದ್ದರೂ ಶಾಯಿ ಪೆನ್ನು ಇಲ್ಲವೇ ಪೆನ್ಸಿಲ್ಲು. ಶಾರ್ಪಿ ಮಾರ್ಕರ್ ಬಂದಿದ್ದು 1964ರಲ್ಲಿ, ಟೈ ಕಾಬ್ ಸತ್ತು ಮೂರು ವರ್ಷವಾದ ಮೇಲೆ. ಕಾಬ್‌ಗೆ ಹಸಿರು ಶಾಯಿಯ ಚಟ ಇತ್ತು. ನಕಲಿ ಮಾಡುವವರಿಗೂ ಅದು ಗೊತ್ತು ಅನ್ನೋದು ನೆನಪಿರಲಿ.

ಈ ಪರೀಕ್ಷೆಯೆಲ್ಲ ಪಾಸಾದರೂ ಕೆಲಸ ಮುಗಿಯಲ್ಲ. ತಾರೀಕು ಹೊಂದಿತು ಅಂದ ಮಾತ್ರಕ್ಕೆ ಸಹಿ ಅವನದೇ ಅಂತಲ್ಲ. ಹಳೇ ತಂಡಗಳಲ್ಲಿ ಚೆಂಡಿನ ರಾಶಿ ಬಂದಾಗ ಡ್ರೆಸ್ಸಿಂಗ್ ರೂಮಿನ ಹುಡುಗರೇ ಸ್ಟಾರ್‌ಗಳ ಸಹಿ ಗೀಚಿ ಕಳಿಸುತ್ತಿದ್ದರು. ಕಾಲ ಅದೇ, ಪೆನ್ನು ಅದೇ, ಚೆಂಡು ಅದೇ, ಕೈ ಮಾತ್ರ ಬೇರೆ. ಶೂಲೆಸ್ ಜೋ ಜಾಕ್ಸನ್‌ಗೆ ಓದು ಬರಹ ಬರುತ್ತಿರಲಿಲ್ಲ. ಅವನ ಹೆಸರಿನಲ್ಲಿ ಹೆಂಡತಿ ಕೇಟಿ ಸಹಿ ಹಾಕುತ್ತಿದ್ದಳು. ಇದಕ್ಕೆ ಪೂರ್ತಿ ಉಲ್ಟಾ ಬಾಬ್ ಫೆಲ್ಲರ್. 2010ರಲ್ಲಿ ಸಾಯುವವರೆಗೆ ಕೇಳಿದವರಿಗೆಲ್ಲ ಸಹಿ ಕೊಟ್ಟ ಪುಣ್ಯಾತ್ಮ. ಫೆಲ್ಲರ್ ಸಹಿ ಇಲ್ಲದ ಚೆಂಡೇ ಅಪರೂಪ ಅಂತ ಸಂಗ್ರಹಕಾರರು ತಮಾಷೆ ಮಾಡುತ್ತಾರೆ. ಹೊಸಬರಿಗೆ ಹಾಲ್ ಆಫ್ ಫೇಮ್ ಅನ್ನುವ ದಿಗ್ಗಜರ ಮ್ಯೂಸಿಯಮ್ಮಿಗೆ ಸೇರಿದ ಆಟಗಾರನ ಸಹಿ ಬೇಕೇ ಬೇಕು ಅಂದರೆ ಫೆಲ್ಲರ್ ಒಳ್ಳೇದು. ಬೆಲೆ ಕಮ್ಮಿ. ನಕಲಿ ಮಾಡುವವನಿಗೂ ಲಾಭ ಕಮ್ಮಿ.

ಮಾರುವವನೇ ಅಚ್ಚು ಹಾಕಿ ಕೊಡುವ ಪ್ರಮಾಣಪತ್ರಕ್ಕೆ ಕಾಗದದ ಬೆಲೆಯೂ ಇಲ್ಲ. ಪಿಎಸ್‌ಎ, ಜೆಎಸ್‌ಎ, ಬೆಕೆಟ್ ಥರದ ಮೂರನೆಯವರ ಪತ್ರ ಇದ್ದರೆ ವಾಸಿ. ಅದೂ ಒಬ್ಬ ಅನುಭವಿಯ ಅಭಿಪ್ರಾಯವೇ ಹೊರತು ಕಣ್ಣಾರೆ ಕಂಡ ಸಾಕ್ಷಿ ಅಲ್ಲ. ಕಣ್ಣಾರೆ ಕಂಡ ಸಾಕ್ಷಿ ಸಿಗೋದು 2001ರ ನಂತರದ ವಸ್ತುಗಳಿಗೆ. ಆ ವರ್ಷ ಮೇಜರ್ ಲೀಗ್ ತನ್ನದೇ ಹಾಲೋಗ್ರಾಮ್ ವ್ಯವಸ್ಥೆ ತಂದಿತು. ಮೈದಾನದಲ್ಲೇ ಒಬ್ಬ ಕೂತು ನೋಡಿ ಸ್ಟಿಕ್ಕರ್ ಅಂಟಿಸುತ್ತಾನೆ. ವಿಚಿತ್ರ ನೋಡಿ, ಸಹಿಯ ವಿಷಯದಲ್ಲಿ ಹಳೇದಕ್ಕಿಂತ ಹೊಸದೇ ನಂಬಿಕೆಗೆ ಹತ್ತಿರ.

ಸಹಿಯನ್ನು ಕೊಳ್ಳೋದಾ, ಕೇಳಿ ಪಡೆಯೋದಾ?

ನನ್ನ ಉತ್ತರ: ಕೇಳಿ ಪಡೆಯಿರಿ. ದುಡ್ಡಿನ ದೃಷ್ಟಿಯಿಂದ ಇದು ಕೆಟ್ಟ ಸಲಹೆ ಅಂತ ಗೊತ್ತು. ದಂತಕಥೆಗಳು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಹೋದವರ ಸಹಿ ಕೇಳಿ ಪಡೆಯಲಾಗಲ್ಲ. ಆದರೂ ನಿಮ್ಮ ಕಣ್ಣೆದುರು ಬಿದ್ದ ಸಹಿಗೆ ಯಾರ ಪತ್ರವೂ ಬೇಕಿಲ್ಲ, ನಿಮಗೆ.

ದುಡ್ಡು ಕೊಟ್ಟು ಖಚಿತವಾಗಿ ಪಡೆಯಬೇಕಾದರೆ ಕೂಪರ್ಸ್‌ಟೌನ್. ನ್ಯೂಯಾರ್ಕ್ ರಾಜ್ಯದ ಒಳಗೆ, ಕೆರೆಯ ದಡದ ಸಣ್ಣ ಊರು. 1939ರ ಜೂನ್ 12ಕ್ಕೆ ಹಾಲ್ ಆಫ್ ಫೇಮ್ ತೆರೆದದ್ದು ಇಲ್ಲಿ. ಜುಲೈ ಕೊನೆಯಲ್ಲಿ ಹೊಸಬರನ್ನು ಹಾಲ್ ಒಳಗೆ ಸೇರಿಸಿಕೊಳ್ಳುವ ಸಮಾರಂಭದ ದಿನಗಳಲ್ಲಿ ಮೇನ್ ಸ್ಟ್ರೀಟಿನ ಅಂಗಡಿ ಅಂಗಡಿಯಲ್ಲಿ ಹಳೇ ಆಟಗಾರರು ಟೇಬಲ್ ಹಾಕಿಕೊಂಡು ಕೂರುತ್ತಾರೆ. ಜೂಜಿನ ಕಾರಣಕ್ಕೆ 1989ರಲ್ಲಿ ನಿಷೇಧಕ್ಕೊಳಗಾದ ಪೀಟ್ ರೋಸ್ ಕೂಡ ಅಲ್ಲಿ ಬಂದು ಕೂರುತ್ತಿದ್ದರು. ಹಾಲ್ ಒಳಗೆ ಸೇರಿಸಲಿಲ್ಲ, ಹೊರಗೆ ಸಾಲು ನಿಲ್ಲುತ್ತಿತ್ತು. ಬೇಸ್‌ಬಾಲ್ ಮೇಲೆ ಬೆಟ್ ಕಟ್ಟಿದ್ದಕ್ಕೆ ಕ್ಷಮಿಸಿ ಅಂತ ಚೆಂಡಿನ ಮೇಲೆ ಬರೆದುಕೊಟ್ಟದ್ದೂ ಉಂಟು, ಅದಕ್ಕೂ ಮಾರುಕಟ್ಟೆ ಇದೆ. 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಈ ಸಾಲಿನಲ್ಲಿ ನಿಂತರೆ ಸಹಿ ಸಿಗೋದು ಗ್ಯಾರಂಟಿ, ಮಾತು ಸಿಗೋದು ಗ್ಯಾರಂಟಿ ಇಲ್ಲ. ಒಬ್ಬರಿಗೆ ಹತ್ತು ಸೆಕೆಂಡು.

ಪುಕ್ಕಟೆ ಬೇಕಾದರೆ ಸ್ಪ್ರಿಂಗ್ ಟ್ರೈನಿಂಗ್, ಅಂದರೆ ಸೀಸನ್ನಿಗೆ ಮುಂಚಿನ ಅಭ್ಯಾಸದ ಶಿಬಿರ. ಫೆಬ್ರವರಿ ಮಧ್ಯದಿಂದ ಮಾರ್ಚಿನವರೆಗೆ ಹದಿನೈದು ತಂಡ ಫ್ಲೋರಿಡಾದಲ್ಲಿ, ಹದಿನೈದು ಅರಿಜೋನಾದಲ್ಲಿ. ಬೆಳಿಗ್ಗೆ ಬೇಗ ಹೋಗಿ, ಸ್ಟೇಡಿಯಂ ಹಿಂದಿರುವ ಅಭ್ಯಾಸದ ಮೈದಾನದ ಬೇಲಿ ಪಕ್ಕ ನಿಲ್ಲಿ. ಹಳೇ ಆಟಗಾರರು ಅತಿಥಿ ಕೋಚ್ ಆಗಿ ಬಂದಿರುತ್ತಾರೆ. ಹುಡುಗರ ಗುಂಪು ಹೊಸ ಸ್ಟಾರ್‌ಗಳ ಹಿಂದೆ ಓಡುವಾಗ ಇವರು ಒಬ್ಬರೇ ನಡೆದು ಬರುತ್ತಿರುತ್ತಾರೆ. ಒಂದೇ ವಸ್ತು ಹಿಡಿಯಿರಿ. ನೀಲಿ ಬಾಲ್‌ಪೆನ್ ಕೊಡಿ, ಚೆಂಡಿನ ಚರ್ಮದ ಮೇಲೆ ಮಾರ್ಕರ್ ಶಾಯಿ ವರ್ಷ ಕಳೆದಂತೆ ಹರಡುತ್ತದೆ. ಹೊಲಿಗೆ ಎರಡೂ ಕಡೆಯಿಂದ ಹತ್ತಿರ ಬರುವ ಜಾಗ ಇದೆಯಲ್ಲ, ಸ್ವೀಟ್ ಸ್ಪಾಟ್, ಅದನ್ನು ಮೇಲೆ ಮಾಡಿ ಕೊಡಿ. ಮಗುವಿನ ಹೆಸರು ಹಾಕಿ ಅಂತ ಕೇಳಿ. ಹೆಸರು ಬಿದ್ದರೆ ಮಾರುವ ಬೆಲೆ ಇಳಿಯುತ್ತದೆ, ಅದಕ್ಕೇ ಆಟಗಾರರು ಖುಷಿಯಿಂದ ಹಾಕುತ್ತಾರೆ. ನನ್ನ ಮಗಳು ಸಹನಾಳ ಚೆಂಡಿನ ಮೇಲೆ "ಸವಾನಾ" ಅಂತಿದೆ. ಅವಳು ಅದನ್ನು ಯಾವ ಬೆಲೆಗೂ ಕೊಡಲ್ಲ.

ಅಂಚೆಯಲ್ಲೂ ಕೇಳಬಹುದು. ಪತ್ರ, ಕಾರ್ಡು, ಸ್ಟ್ಯಾಂಪ್ ಅಂಟಿಸಿದ ವಾಪಸ್ ಲಕೋಟೆ. ತಿಂಗಳುಗಟ್ಟಲೆ ಕಾಯಬೇಕು. ಬಂದದ್ದು ಕೈಬರಹವೋ ಯಂತ್ರದ್ದೋ ಗೊತ್ತಾಗಲ್ಲ. ನನಗಿದು ರುಚಿಸಲಿಲ್ಲ.

ಇನ್ನು ಅಚಾನಕ್ ಭೇಟಿ. ಅದಕ್ಕೆ ಮಾರ್ಗದರ್ಶಿ ಬರೆಯಲಾಗಲ್ಲ, ಆದರೆ ಜಾಗ ಊಹಿಸಬಹುದು. ಯಾಂಕೀಸ್ ತಂಡದ ಹಳೇ ಆಟಗಾರ ಯೋಗಿ ಬೆರಾ ಬದುಕಿದ್ದಾಗ ಮಾಂಟ್‌ಕ್ಲೇರ್ ಸ್ಟೇಟ್ ಯೂನಿವರ್ಸಿಟಿ ಆವರಣದಲ್ಲಿರುವ ತಮ್ಮ ಹೆಸರಿನ ಮ್ಯೂಸಿಯಮ್ಮಿಗೆ ಆಗಾಗ ಬರುತ್ತಿದ್ದರು. ಸೇಂಟ್ ಲೂಯಿಸಿನ ಸ್ಟ್ಯಾನ್ ಮ್ಯೂಸಿಯಲ್ ಮೊದಲೇ ಸಹಿ ಮಾಡಿದ ಕಾರ್ಡುಗಳನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದರು, ಸಿಕ್ಕವರಿಗೆ ಕೊಡಲು. ಇಬ್ಬರೂ ಈಗಿಲ್ಲ.

ನನಗೆ ಆದದ್ದು ವಿಮಾನ ನಿಲ್ದಾಣದಲ್ಲಿ. ಮುಂದೆ ಕೂತಿದ್ದ ವಯಸ್ಸಾದವರ ಬೆರಳಲ್ಲಿ ಗೋಲಿಯಷ್ಟು ದಪ್ಪದ ಉಂಗುರ. ವರ್ಲ್ಡ್ ಸೀರೀಸ್, ಅಂದರೆ ಸೀಸನ್ನಿನ ಕೊನೆಯ ಫೈನಲ್ ಸರಣಿ, ಗೆದ್ದವರಿಗೆ ಕೊಡುವಂಥದ್ದು. ಹೆಸರು ಹೇಳಲ್ಲ, ಅವರಿಗೆ ಈಗ ವಿಶ್ರಾಂತಿಯ ಕಾಲ. ನಾನು ಹೋಗಿ ಸುಮ್ನೆ ನಿಂತೆ. ಅವರೇ ಪಕ್ಕದ ಸೀಟಿನಿಂದ ಬ್ಯಾಗ್ ಎತ್ತಿಟ್ಟರು. ನಲವತ್ತು ನಿಮಿಷ ಮಾತಾಡಿದೆವು. ಅದರಲ್ಲಿ ಬೇಸ್‌ಬಾಲ್ ಇದ್ದದ್ದು ಐದು ನಿಮಿಷ. ಉಳಿದದ್ದು ಅವರ ಮಂಡಿ ನೋವು, ನಮ್ಮೂರ ಊಟ, ನಾವು ಕ್ರಿಕೆಟ್‌ನಲ್ಲಿ ಬರಿಗೈಲಿ ಕ್ಯಾಚ್ ಹಿಡಿಯೋದು ಹೇಗೆ ಅನ್ನೋದು. ಕೊನೆಗೆ ಸಹಿ ಕೇಳಿದೆ. ನನ್ನ ಹತ್ತಿರ ಇದ್ದದ್ದು ಬೋರ್ಡಿಂಗ್ ಪಾಸ್ ಒಂದೇ. ಅದರ ಮೇಲೇ ಹಾಕಿದರು.

ಬೋರ್ಡಿಂಗ್ ಪಾಸ್ ಥರ್ಮಲ್ ಕಾಗದ. ಬಸ್ ಟಿಕೆಟ್ಟಿನ ಹಾಗೆ ಅಚ್ಚು ತಾನಾಗಿ ಮಾಸುತ್ತದೆ. ಈಗ ನನ್ನ ಹೆಸರಿಲ್ಲ, ತಾರೀಕಿಲ್ಲ, ಊರಿಲ್ಲ. ಬಿಳೀ ಕಾಗದದ ಮೇಲೆ ನೀಲಿ ಸಹಿ ಒಂದೇ ಉಳಿದಿದೆ. ಅದು ಯಾವಾಗ, ಎಲ್ಲಿ ಬಿತ್ತು ಅನ್ನೋದಕ್ಕೆ ನನ್ನ ಬಾಯಿ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಯಾವ ಕಂಪನಿಗೂ ಕಳಿಸಿಲ್ಲ. ಬುದ್ಧಿ ಇದ್ದರೆ ಆವತ್ತೇ ಒಂದು ಫೋಟೊ ತೆಗೆದು ಇಡಬೇಕಿತ್ತು. ನೀವು ತೆಗೆಯಿರಿ. ಸಹಿ ಹಾಕುತ್ತಿರುವ ಕೈ, ಪೆನ್ನು, ಚೆಂಡು ಮೂರೂ ಒಂದೇ ಫೋಟೊದಲ್ಲಿ ಬರಲಿ.

ಟಿಕೆಟ್ಟು, ಸ್ಕೋರ್‌ಕಾರ್ಡು

ನನ್ನನ್ನು ಕೇಳಿದರೆ ಗೆಲ್ಲೋದು ಇದೇ. ಜಾಕಿ ರಾಬಿನ್‌ಸನ್ 1947ರ ಏಪ್ರಿಲ್ 15ಕ್ಕೆ ಎಬೆಟ್ಸ್ ಫೀಲ್ಡಿನಲ್ಲಿ ಮೊದಲ ಸಲ ಆಡಿದ ಪಂದ್ಯದ ಹರಿದ ಟಿಕೆಟ್ ತುಂಡು 2022ರಲ್ಲಿ 4 ಲಕ್ಷ 80 ಸಾವಿರ ಡಾಲರಿಗೆ ಹೋಯಿತು. ಅಂಥದ್ದು ಬಿಡಿ. ಯಾವ ದಾಖಲೆಯೂ ಆಗದ, ಯಾರೂ ನೆನಪಿಡದ ಪಂದ್ಯದ ಟಿಕೆಟ್ಟು ಇಪ್ಪತ್ತು ಮೂವತ್ತು ಡಾಲರಿಗೂ ಸಿಗುತ್ತದೆ. ಅದರ ಮೇಲೆ ತಾರೀಕು, ಸೀಟು, ಬೆಲೆ ಎಲ್ಲ ಇರುತ್ತದೆ. ಈಗಿನ ಟಿಕೆಟ್ಟೆಲ್ಲ ಫೋನಿನೊಳಗೆ. ಹೊಸ ಕಾಗದದ ಟಿಕೆಟ್ಟು ಹುಟ್ಟೋದು ಹೆಚ್ಚುಕಮ್ಮಿ ನಿಂತೇಹೋಗಿದೆ.

ಸ್ಕೋರ್‌ಕಾರ್ಡು ಇನ್ನೂ ಸೊಗಸು. ಪಂದ್ಯಕ್ಕೆ ಬಂದವರು ಕೂತಲ್ಲೇ ಪೆನ್ಸಿಲ್ಲಿನಲ್ಲಿ ಒಂದೊಂದು ಆಟವನ್ನೂ ತುಂಬಿಸುವ ಹಾಳೆ. ಏನೂ ಬರೆಯದ ಶುದ್ಧ ಪ್ರತಿಗೆ ಮಾರುಕಟ್ಟೆಯಲ್ಲಿ ಬೆಲೆ ಜಾಸ್ತಿ. ನಾನು ಬರೆದದ್ದನ್ನೇ ಹುಡುಕುತ್ತೇನೆ. ನಲವತ್ತು ಡಾಲರಿಗೆ ತಂದ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಒಂದು ಪ್ರತಿ ನನ್ನಲ್ಲಿದೆ. ಪುಟ್ಟ, ಒತ್ತಿ ಬರೆದ ಅಕ್ಷರ. ಮೂರು ಸ್ಟ್ರೈಕ್ ಬಿದ್ದು ಔಟಾದವನ ಮನೆಯಲ್ಲಿ ಕೆ, ಮೂರನೇ ಸ್ಟ್ರೈಕಿಗೆ ಬ್ಯಾಟ್ ಬೀಸದೆ ಔಟಾದವನಿಗೆ ಉಲ್ಟಾ ಕೆ. ಒಂದು ಕಡೆ ಅಳಿಸಿ ತಿದ್ದಿದ್ದಾರೆ, ಅಲ್ಲಿ ಕಾಗದ ತೆಳ್ಳಗಾಗಿದೆ. ಏಳನೇ ಇನ್ನಿಂಗ್ಸಿಗೆ ಬರಹ ನಿಂತುಹೋಗಿದೆ. ಮಳೆ ಬಂತೋ, ಮಗು ಅತ್ತಿತೋ, ಟ್ರೈನು ಹಿಡಿಯಬೇಕಿತ್ತೋ.

ತಾರೀಕು ಎಲ್ಲೂ ಇರಲಿಲ್ಲ. ಆದರೆ ಎದುರಾಳಿ ತಂಡ ಗೊತ್ತಿತ್ತು, ಆರು ಇನ್ನಿಂಗ್ಸಿನ ಸ್ಕೋರು ಗೊತ್ತಿತ್ತು, ಪಿಚರ್, ಅಂದರೆ ಚೆಂಡು ಎಸೆಯುವವನ, ಹೆಸರಿತ್ತು. ರೆಟ್ರೋಶೀಟ್ ಅನ್ನುವ ತಾಣದಲ್ಲಿ ಹಳೇ ಪಂದ್ಯಗಳ ವಿವರ ಪುಕ್ಕಟೆ ಸಿಗುತ್ತದೆ. ಒಂದು ಸಂಜೆ ಕೂತು ತಾಳೆ ನೋಡಿದೆ. ಪಂದ್ಯ ಸಿಕ್ಕಿತು! ಸಾಲು ಸಾಲಿಗೆ ಹೊಂದಿತು. ಮಳೆ ಬಂದಿರಲಿಲ್ಲ, ಒಂಬತ್ತೂ ಇನ್ನಿಂಗ್ಸ್ ಆಡಿದ್ದರು. ಡಾಡ್ಜರ್ಸ್ ಹಿಂದೆ ಬಿದ್ದಿದ್ದರು, ನಮ್ಮ ಯಜಮಾನರು ಬೇಜಾರಾಗಿ ಎದ್ದು ಹೋಗಿರಬೇಕು. ಸಾಕ್ಷಿ ವಸ್ತುವಿನ ಒಳಗಿರೋದು ಅಂದರೆ ಇದು.

ಉಳಿದವು

ಬ್ಯಾಟು, ಜೆರ್ಸಿ ನಮ್ಮಂಥವರ ಬಜೆಟ್ಟಿನ ಹೊರಗೆ. 1932ರ ವರ್ಲ್ಡ್ ಸೀರೀಸಿನಲ್ಲಿ ರೂತ್ ತೊಟ್ಟಿದ್ದ ಜೆರ್ಸಿ 2024ರಲ್ಲಿ 2 ಕೋಟಿ 41 ಲಕ್ಷ ಡಾಲರ್ ದಾಟಿತು. ಸಣ್ಣ ತುಂಡು ಬಟ್ಟೆ ಅಂಟಿಸಿದ ಕಾರ್ಡುಗಳು ಅಗ್ಗಕ್ಕೆ ಸಿಗುತ್ತವೆ. ಅದಕ್ಕಾಗಿ 2003ರಲ್ಲಿ ಡಾನ್‌ರಸ್ ಕಂಪನಿ ರೂತನ ಒಂದು ಅಸಲಿ ಜೆರ್ಸಿಯನ್ನೇ ಕೊಂಡು ಕತ್ತರಿಸಿತು. ನಾನು ಅಂಥ ಕಾರ್ಡು ಮುಟ್ಟಲ್ಲ.

ದಾಖಲೆಯ ಹೋಮ್ ರನ್ ಚೆಂಡಿನ ಜೂಜೂ ಬೇಡ. ಹೋಮ್ ರನ್ ಅಂದರೆ ನಮ್ಮ ಸಿಕ್ಸರ್ ಥರ. ಮಾರ್ಕ್ ಮೆಗ್ವೈರ್ 1998ರ ಒಂದೇ ಸೀಸನ್ನಿನಲ್ಲಿ ಹೊಡೆದ 70ನೆಯ ಹೋಮ್ ರನ್ನಿನ ಚೆಂಡು 30 ಲಕ್ಷ ಡಾಲರ್ ಮುಟ್ಟಿತು. ಮೂರೇ ವರ್ಷದಲ್ಲಿ ಬ್ಯಾರಿ ಬಾಂಡ್ಸ್ 73 ಹೊಡೆದ. ಆ ಚೆಂಡಿಗಾಗಿ ಇಬ್ಬರು ಪ್ರೇಕ್ಷಕರು ಕೋರ್ಟು ಹತ್ತಿದರು. ಮಾರಿ ಸಮನಾಗಿ ಹಂಚಿಕೊಳ್ಳಿ ಅಂದರು ಜಡ್ಜು. ಮಾರಿದಾಗ ಬಂದದ್ದು ನಾಲ್ಕೂವರೆ ಲಕ್ಷ.

ಸ್ಟೇಡಿಯಂ ಕುರ್ಚಿ ಚೆನ್ನ. 2008ರಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂ ಮುಚ್ಚಿದಾಗ ಜೋಡಿ ಕುರ್ಚಿಗೆ 869 ಡಾಲರ್ ಇಟ್ಟರು, 1986 ಮತ್ತು 1969ರಲ್ಲಿ ಅಲ್ಲಿಯ ಮೆಟ್ಸ್ ತಂಡ ವರ್ಲ್ಡ್ ಸೀರೀಸ್ ಗೆದ್ದ ನೆನಪಿಗೆ. ಅಪಾರ್ಟ್‌ಮೆಂಟಿನಲ್ಲಿ ಎಲ್ಲಿಡುತ್ತೀರಿ ಅಂತ ಮನೆಯವರನ್ನು ಕೇಳಿ ಕೊಳ್ಳಿ.

ಎಲ್ಲಿ ಕೊಳ್ಳೋದು

ಮೊದಲ ವರ್ಷ ಕಾರ್ಡ್ ಶೋ ಬಿಟ್ಟು ಬೇರೆಲ್ಲೂ ಕೊಳ್ಳಬೇಡಿ. ಕೈಯಲ್ಲಿ ಹಿಡಿಯಬಹುದು, ಟಾರ್ಚು ಬಿಡಬಹುದು, ಚೌಕಾಸಿ ಮಾಡಬಹುದು. ಮಧ್ಯಾಹ್ನ ಮೂರರ ಮೇಲೆ ಅಂಗಡಿ ಕಟ್ಟುವ ಹೊತ್ತಿಗೆ ಬೆಲೆ ಇಳಿಯುತ್ತದೆ, ನಮ್ಮ ಸೊಪ್ಪಿನ ಮಾರ್ಕೆಟ್ಟಿನ ಹಾಗೇ. 1980ರಿಂದ ಪ್ರತಿ ವರ್ಷ ನಡೆಯುವ "ದಿ ನ್ಯಾಷನಲ್" ಅನ್ನುವ ದೊಡ್ಡ ಜಾತ್ರೆ ಬೇಸಿಗೆಯಲ್ಲಿ ಬರುತ್ತದೆ, ಊರು ಬದಲಾಗುತ್ತಿರುತ್ತದೆ. ಹೋದರೆ ಮೊದಲ ದಿನ ಬರೀ ನೋಡಿ.

ಹರಾಜು ಕಂಪನಿಗಳಲ್ಲಿ ಒಳ್ಳೆ ಮಾಲಿರುತ್ತದೆ, ಆದರೆ ಕೂಗಿದ ಬೆಲೆಯ ಮೇಲೆ ಸಾಮಾನ್ಯವಾಗಿ ಶೇಕಡಾ 20ರ ಆಸುಪಾಸು ಕಮಿಷನ್ ಬೀಳುತ್ತದೆ. 500 ಅಂದುಕೊಂಡದ್ದು 600, ಮೇಲೆ ಅಂಚೆ ಖರ್ಚು. ಆನ್‌ಲೈನಿನಲ್ಲಿ ವಾಪಸ್ ತಗೊಳ್ಳುವ ನಿಯಮ ಓದದೆ ಬಟನ್ ಒತ್ತಬೇಡಿ. ಸಂತೆಯ ಬಗ್ಗೆ ನಾನು ಹೇಳಬೇಕಾದ್ದು ಏನೂ ಉಳಿದಿಲ್ಲ.

ಊರಿಗೆ ಒಯ್ಯುವವರಿಗೆ ಒಂದು ಮಾತು. ಹಳೇ ಕಾಗದಕ್ಕೆ ಬಿಸಿಲಿಗಿಂತ ತೇವ ದೊಡ್ಡ ಶತ್ರು. ಬೆಂಗಳೂರಲ್ಲಿ ಹೇಗೋ ನಡೆಯುತ್ತದೆ. ಮಂಗಳೂರು, ಮಲೆನಾಡಿನ ಮಳೆಗಾಲದಲ್ಲಿ ಕಾರ್ಡು ಹಪ್ಪಳದ ಹಾಗೆ ಬಾಗುತ್ತದೆ, ಚೆಂಡಿನ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಮೆತ್ತನೆಯ ಪಿವಿಸಿ ಕವರಿನಲ್ಲಿ ಇಡಬೇಡಿ, ಅದು ವರ್ಷ ಕಳೆದಂತೆ ಅಂಟುತ್ತದೆ. ಗಾಳಿ ಆಡದ ಗಟ್ಟಿ ಡಬ್ಬಿ ತಗೊಳ್ಳಿ. ಹೊಸ ಶೂ ಡಬ್ಬದಲ್ಲಿ ಬರುತ್ತಲ್ಲ, ಕಾಳಿನಂಥ ಹರಳು ತುಂಬಿದ ಸಣ್ಣ ಪೊಟ್ಟಣ, ಅದನ್ನು ಬಿಸಾಡದೆ ಒಳಗೆ ಎರಡು ಹಾಕಿಡಿ. ಮಳೆಗಾಲ ಶುರುವಾಗುವ ಮುಂಚೆ ಒಂದು ಸಲ ಬದಲಾಯಿಸಿ.